ಮುಂದಿನ ಚಿಪ್ ಬರಲಿ ಎಂದವನು ನಾನು

ನವಲಗುಂದದ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ರಿಪೇರಿಗಿಂತ ಹರಟೆಯೇ ಜಾಸ್ತಿ. ಇನ್ನೂ ಪೇಟೆಗೆ ಬಾರದ ಫೋನುಗಳ ಪ್ರೊಸೆಸರ್ ಚಿಪ್ ಹೇಗಿರುತ್ತದೆ, ಎಷ್ಟು ಕೋರ್, ಕ್ಲಾಕ್ ಸ್ಪೀಡ್ ನಾಲ್ಕು ಗಿಗಾಹರ್ಟ್ಸ್ ದಾಟುತ್ತದೋ ಇಲ್ಲವೋ, ದಾಟಿದರೂ ನಮ್ಮ ಬಿಸಿಲಿಗೆ ಕಾದು ಮತ್ತೆ ನಿಧಾನ ಆಗುತ್ತದೋ ಎಂದು ಹುಬ್ಬಳ್ಳಿ ಬಸ್ಸಿಗೆ ಕಾಯುವವರನ್ನು ಕೂರಿಸಿಕೊಂಡು ವಾದ ಮಾಡುತ್ತಿದ್ದೆ. ನಾನು ಹೇಳಿದ್ದು ಒಂದೆರಡು ಸಲ ನಿಜವಾಗಿಬಿಟ್ಟಿತು. ಅಲ್ಲಿಂದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ನಮ್ಮ ಬಾಜು ಮನೆಯಲ್ಲಿ ಜಮಖಾನ ನೇಯುವ ಅಕ್ಕ ಇದ್ದಾರೆ. ಸಣ್ಣ ಹುಡುಗಿಯಾಗಿದ್ದಾಗಿನಿಂದ ಮಗ್ಗದ ಮುಂದೆ ಕೂತವರು. ನೇಯ್ದದ್ದೆಲ್ಲ ಮಾರಿಹೋಗಿ ಅವರ ಮನೆಯಲ್ಲಿ ಹಾಸಲು ಚಾಪೆ ಮಾತ್ರ ಇತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಇದ್ದ ನೋಟ ಉಳಿದರೆ ಪುಣ್ಯ ಎಂದು ಡಾಕ್ಟರು ಹೇಳಿದ ಮೇಲೆ ಅವರಿಗೆ ಒಂದೇ ಆಸೆ ಹತ್ತಿತು. ಯಮನೂರು, ಅಣ್ಣಿಗೇರಿ, ಕುಂದಗೋಳದ ಮನೆಗಳಲ್ಲಿ ಹಾಸಿರುವ ತನ್ನ ಜಮಖಾನಗಳ ಫೋಟೋ ತೆಗೆದುಕೊಂಡು ಬಂದು, ದೊಡ್ಡದು ಮಾಡಿ, ಕಣ್ಣಿರುವಾಗಲೇ ಒಮ್ಮೆ ನೋಡಬೇಕು. ಅವರ ಹಳೆಯ ಫೋನಿನಲ್ಲಿ ಕ್ಯಾಮೆರಾ ತೆರೆದರೆ ಸಾಕು, ಹ್ಯಾಂಗ್. ಯಾವ ಫೋನ್ ತಗೊಳ್ಳಲಿ ಎಂದು ನನ್ನನ್ನೇ ಕೇಳಿದರು.

ಅಂಗಡಿಯಲ್ಲಿ ಸಿಗುವ ಯಾವುದಾದರೂ ಸಾಕಾಗುತ್ತಿತ್ತು. ಆದರೆ ಸಾಕು ಎನ್ನುವ ಮಾತು ನನ್ನ ಬಾಯಿಗೆ ಬರುವುದೇ ಇಲ್ಲ.

"ತಡೀರಿ ಅಕ್ಕಾ, ಮುಂದಿನ ಚಿಪ್ ಬರ್ಲಿ. ಫೋಟೋಕ್ಕಂತನ ಅದರಾಗ ಬ್ಯಾರೆ ಭಾಗ ಇರ್ತೈತಿ," ಎಂದೆ.

ತಡೆದರು. ಆ ಚಿಪ್ ಬಂತು. ಬಿಸಿ ಆಗುತ್ತದೆಂದು ನಾನೇ ಕೊಂಕು ತೆಗೆದು ಇನ್ನೊಂದಕ್ಕೆ ಕಾಯಿಸಿದೆ. ಅಲ್ಲಿಯತನಕ ನನ್ನ ಫೋನನ್ನಾದರೂ ಕೊಟ್ಟು ಕಳಿಸಬಹುದಿತ್ತು ಎಂಬುದು ಹೊಳೆಯಲೇ ಇಲ್ಲ. ಅವರು ನಡುನಡುವೆ ಅಂಗಡಿಗೆ ಬಂದು, ಬಂತೇನು ಎಂದು ಕೇಳಿ ಹೋಗುತ್ತಿದ್ದರು. ಒಮ್ಮೆ ಹಾಗೆ ಬಂದವರು ಮೆಟ್ಟಿಲು ಎಡವಿದರು. ಅದನ್ನು ನೋಡಿಯೂ ನಾನು ಮತ್ತೆ ಗಿಗಾಹರ್ಟ್ಸಿನ ಮಾತಿಗೇ ಮರಳಿದೆ.

ಕಡೆಗೆ ನನ್ನ ಮನಸ್ಸಿಗೆ ಒಪ್ಪುವ ಫೋನ್ ಬರುವ ಹೊತ್ತಿಗೆ ಅಕ್ಕ ಗೋಡೆ ಹಿಡಿದು ನಡೆಯುತ್ತಿದ್ದರು. ನಾಚಿಕೆಯಾಗಿ ನಾನೇ ಆ ಫೋನ್ ಹಿಡಿದು ಊರೂರು ತಿರುಗಿ ಫೋಟೋ ತೆಗೆದು ತಂದೆ. ಒಂದೊಂದು ನೂಲೂ ಕಾಣುವಷ್ಟು ಚೊಕ್ಕ. ಅಕ್ಕ ಗಾಜಿನ ಮೇಲೆ ಬೆರಳಾಡಿಸಿದರು. ಕೈಗೆ ಏನೂ ಸಿಗಲಿಲ್ಲ.

"ನೀನ ಹೇಳೋ ತಮ್ಮಾ, ಏನ ಕಾಣತೈತಿ?"

ಕೆಂಪು ಎಂದೆ. ಎಂಥ ಕೆಂಪು ಎಂದು ಕೇಳಿದರು. ಅವರಿಗೆ ಗೊತ್ತಿದ್ದ ಕೆಂಪುಗಳು ಎಷ್ಟೋ, ನನಗೆ ಗೊತ್ತಿದ್ದದ್ದು ಒಂದೇ. ಅಂಚಿನಲ್ಲಿರುವುದು ನವಿಲೋ ಹೂವೋ ಎಂದರು. ಆ ಗೆರೆ, ಚೌಕಗಳಲ್ಲಿ ನವಿಲು ಯಾವುದೆಂದು ನನಗೆ ತಿಳಿಯಲಿಲ್ಲ. ಇಷ್ಟು ವರ್ಷ ಬಾಜು ಮನೆಯಲ್ಲೇ ಇದ್ದು ಅವರ ಮಗ್ಗದ ಕಡೆ ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

"ಇರ್ಲಿ ಬಿಡು," ಎಂದು ಅಕ್ಕ ಫೋನನ್ನು ನನ್ನ ಕೈಗೆ ವಾಪಸು ಕೊಟ್ಟರು. "ನಿನಗರ ಕಣ್ಣ ಅದಾವಲ್ಲ, ನೀನ ನೋಡ."