ಮೂರನೇ ಬಟ್ಟಲಿನ ಉತ್ತರ

ನಾರಿನ್ ಕಣಿವೆಯಲ್ಲಿ ಬೆಳಗಿನ ಆರು ಗಂಟೆ. ಹಾಲು ಕರೆಯುತ್ತಿರುವ ಬರ್ಮೆತ್ ಅಜ್ಜಿಯ ಎದುರು ಜೂರಾಕಾನ್ ಕಂಕುಳಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದಾರೆ. ಏನನ್ನೂ ಕೇಳುತ್ತಿಲ್ಲ. ಅಜ್ಜಿ ಎರಡು ಸಲ ಕೈ ನಿಲ್ಲಿಸಿ ಸೊಂಟ ಹಿಡಿದುಕೊಂಡದ್ದನ್ನು ಮಾತ್ರ ನೋಡುತ್ತಿದ್ದಾರೆ.

ಇದೇ ಹಳ್ಳಿಯ ಹೆಣ್ಣುಮಗಳು, ಐವತ್ತೆಂಟರ ಜೂರಾಕಾನ್, ಹತ್ತೊಂಬತ್ತು ವರ್ಷಗಳಿಂದ ಸಮೀಕ್ಷೆಯ ಕೆಲಸದಲ್ಲಿದ್ದಾರೆ. ಮನೆಯ ವರಮಾನ ಎಷ್ಟು, ಕಾಯಿಲೆ ಎಷ್ಟು ಎಂದು ಬರೆದುಕೊಳ್ಳುವುದು. ದಿನಕ್ಕೆ ಆರು ಮನೆ, ಹನ್ನೆರಡು ಕಿಲೋಮೀಟರ್ ನಡಿಗೆ. ಕುರಿ ಎಷ್ಟೆಂದು ಕೇಳಿದರೆ ದೃಷ್ಟಿಯಾದೀತೆಂದು ಎಲ್ಲರೂ ಅರ್ಧವೇ ಹೇಳುತ್ತಾರೆ. ಅದಕ್ಕೇ ಇವರು ಹುಲ್ಲಿನ ಬಣವೆ ನೋಡಿ ಕುರಿ ಅಂದಾಜು ಮಾಡುತ್ತಾರೆ.

ಆಮೇಲೆ ಮನೆಗಳನ್ನು ಕಡುಬಡವರಿಂದ ಉಳ್ಳವರವರೆಗೆ ಸಾಲಾಗಿ ಜೋಡಿಸಿ, ಕಾಯಿಲೆಯಲ್ಲಿ ಯಾರ ಪಾಲು ಎಷ್ಟೆಂದು ಗೆರೆ ಎಳೆಯುತ್ತಾರೆ. ಪಾಲು ಸಮವಾಗಿದ್ದರೆ ಗೆರೆ ನೇರ. ಹೊರೆ ಬಡವರ ಮೇಲಿದ್ದರೆ ಮೇಲಕ್ಕೆ ಉಬ್ಬುತ್ತದೆ. ಹೋದ ವರ್ಷ ಈ ಹಳ್ಳಿಯ ಗೆರೆ ಕೆಳಕ್ಕೆ ಜೋತುಬಿದ್ದಿತ್ತು. ಬಡವರೆಲ್ಲ ಗಟ್ಟಿಮುಟ್ಟು, ಕಾಯಿಲೆಯೆಲ್ಲ ಉಳ್ಳವರದು ಎಂದಾಯಿತು. ಅದನ್ನು ನಂಬಿದ ಆರೋಗ್ಯ ಇಲಾಖೆ ಮೇಲಿನ ಕೇರಿಯ ನರ್ಸ್ ಕೊಠಡಿಗೆ ಬೀಗ ಹಾಕಲು ಹೊರಟಿತು. ಅದು ಮುಚ್ಚಿದರೆ ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ.

“ತಪ್ಪು ನಂದೇ,” ಎನ್ನುತ್ತಾರೆ ಜೂರಾಕಾನ್. “ಹೋದ್ವರ್ಷ ಇಲಾಖೆಯೋರು ದಿನಕ್ಕೆ ಹದಿನೈದು ಮನೆ ಮುಗಿಸಿ ಅಂದ್ರು. ಚಹಾಕ್ಕೆ ಕೂರದೆ ಹೊಸಿಲಲ್ಲೇ ನಿಂತು ಕೇಳ್ದೆ. ಹೇಗಿದ್ದೀರಿ ಅಂದ್ರೆ ನಮ್ಮಲ್ಲಿ ಸಾಯ್ತಿರೋನೂ ಚೆನ್ನಾಗಿದ್ದೀನಿ ಅಂತಾನೆ. ಅದು ನಮಸ್ಕಾರ ಕಣ್ರೀ, ಉತ್ತರ ಅಲ್ಲ. ಇಲ್ಲೇ ಹುಟ್ಟಿದೋಳು ಅದನ್ನೇ ಬರ್ಕೊಂಡ್ ಬಂದೆ.” ಉಳ್ಳವರು ಮಾತ್ರ ಪಟ್ಟಣದ ಡಾಕ್ಟರು ಬರೆದುಕೊಟ್ಟ ಚೀಟಿಗಳನ್ನು ತಂದು ತೋರಿಸಿದ್ದರು.

ಈಗ ಸಂಬಳವಿಲ್ಲದೆ, ಯಾರೂ ಹೇಳದೆ, ಅದೇ ನೂರಾ ನಲವತ್ತು ಮನೆಗಳನ್ನು ಮತ್ತೆ ಸುತ್ತುತ್ತಿದ್ದಾರೆ. ಕಾಯಿಲೆ ಇದೆಯೇ ಎಂದು ಕೇಳುವುದಿಲ್ಲ. ಹೋದ ತಿಂಗಳು ನೀರು ತರಲಾಗದ ದಿನ ಎಷ್ಟು, ಹಾಲು ಕರೆದವರು ಯಾರು ಎಂದು ಕೇಳುತ್ತಾರೆ. ಅದೂ ಮೂರನೇ ಬಟ್ಟಲು ಚಹಾ ಆದ ಮೇಲೆ.

ಬರ್ಮೆತ್ ಅಜ್ಜಿ ಮೊದಲ ಬಟ್ಟಲಿಗೆ ಚೆನ್ನಾಗಿದ್ದೇನೆ ಎಂದರು. ಎರಡನೆಯದಕ್ಕೆ ಸೊಸೆಯನ್ನು ಬೈದರು. ಮೂರನೆಯದಕ್ಕೆ ದನಿ ತಗ್ಗಿತು. “ಹನ್ನೊಂದು ದಿನ ಪಕ್ಕದ್ಮನೆಯೋಳು ಕರ್ಕೊಟ್ಲು ಮಗಳೇ. ಸೊಂಟ ಏಳಕ್ಕೇ ಬಿಡ್ಲಿಲ್ಲ. ಅದನ್ನೂ ಕಾಯಿಲೆ ಅಂತಾರಾ?” ಜೂರಾಕಾನ್ ಹನ್ನೊಂದು ಎಂದು ಬರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ನನಗೆ ನಾಚಿಕೆಯಾಯಿತು; ಎಷ್ಟೋ ಮನೆಗಳ ಸುದ್ದಿಯನ್ನು ನಾನೂ ಹೊಸಿಲಿನಿಂದಲೇ ಪತ್ರಿಕೆಗೆ ಬರೆದಿದ್ದೇನೆ.

ಇದು ಕೊನೆಯ ಮನೆ. ಹಿಂದಿನ ನೂರಾ ಮೂವತ್ತೊಂಬತ್ತು ಸೇರಿಸಿದಾಗ ಗೆರೆ ಮೇಲಕ್ಕೆ ಉಬ್ಬಿದೆ. ಇವರು ಕಳಿಸಿದ ಅರ್ಧ ಲೆಕ್ಕ ನೋಡಿದಾಗಲೇ ಇಲಾಖೆ ಬೀಗ ಹಾಕುವುದನ್ನು ವಸಂತದವರೆಗೆ ಮುಂದೂಡಿತ್ತು. ಪೂರ್ತಿ ಲೆಕ್ಕ ನಾಳೆ ಹೋಗುತ್ತದೆ.

ಸಂಜೆ ಅವರ ಮನೆಯಲ್ಲಿ ಕೂತು, ನೀವು ಹೇಗಿದ್ದೀರಿ ಎಂದು ಕೇಳಿದೆ. ಚೆನ್ನಾಗಿದ್ದೇನೆ ಎಂದರು. ನಾನು ಚಹಾ ಕುಡಿಯುತ್ತಾ ಕೂತೆ. ಮೂರನೇ ಬಟ್ಟಲು ಬಗ್ಗಿಸುತ್ತಾ ಅವರೇ ಹೇಳಿದರು: “ಎರಡೂ ಮೊಣಕಾಲು ಹೋಗಿವೆ. ಬರ್ಕೊಂಡ್ರಾ? ಹೊಡೆದುಹಾಕಿ. ನಮ್ಮನೆ ಪಟ್ಟಿಯಲ್ಲಿಲ್ಲ.”