ಹನ್ನೊಂದು ಸೆಕೆಂಡಿನ ಗುಟ್ಟು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳಿಗೂ ಔಷಧದ ಉಗ್ರಾಣಕ್ಕೂ ನಡುವೆ ಕಿಟಕಿಯಿಲ್ಲದ ಒಂದು ಕೋಣೆ. ಹರಿದ ಚಾದರ, ಲಾಡಿ ಕಿತ್ತುಹೋದ ರೋಗಿಗಳ ಅಂಗಿ, ಶಸ್ತ್ರಚಿಕಿತ್ಸೆಯ ಹಸಿರು ಬಟ್ಟೆ ಎಲ್ಲ ಅಲ್ಲಿಗೆ ಬಂದು ಬೀಳುತ್ತಿದ್ದವು. ಇಪ್ಪತ್ತಾರು ವರ್ಷದಿಂದ ಅವಕ್ಕೆ ಹೊಲಿಗೆ ಹಾಕುತ್ತಿದ್ದ ಹೆಂಗಸನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಿದ್ದರು. ಕೈಯಲ್ಲಿ ಸದಾ ಸೂಜಿ ಇರುತ್ತಿದ್ದುದಕ್ಕೆ ಬಂದ ಹೆಸರೋ, ಆಕೆಯ ಮಾತಿಗೆ ಬಂದ ಹೆಸರೋ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಹರಿದದ್ದನ್ನು ಒಮ್ಮೆ ನೋಡಿದರೆ ಸಾಕು, ಹೇಗೆ ಹರಿಯಿತೆಂದು ಆಕೆಗೆ ತಿಳಿದುಬಿಡುತ್ತಿತ್ತು. ಮಂಚದ ಚಕ್ರಕ್ಕೆ ಸಿಕ್ಕಿ ಹರಿದದ್ದು ಬೇರೆ, ನೋವಿನಲ್ಲಿ ರೋಗಿ ಹಿಡಿದೆಳೆದದ್ದು ಬೇರೆ, ಗಂಟು ಬಿಚ್ಚಲು ಬೇಜಾರಾಗಿ ಯಾರೋ ಕತ್ತರಿ ಆಡಿಸಿದ್ದು ಬೇರೆ. ತಾನಾಗಿಯೇ ಹರಿಯಿತು ಎಂದು ಯಾವ ನರ್ಸಾದರೂ ಹೇಳಿಕಳಿಸಿದರೆ, ಸೂಜಿಯಕ್ಕ ಬಟ್ಟೆಯನ್ನು ದೀಪಕ್ಕೆ ಹಿಡಿದು, ಕತ್ತರಿ ಆಡಿದ ಜಾಗಕ್ಕೆ ಕೆಂಪು ದಾರದಲ್ಲಿ ಸುತ್ತು ಹಾಕಿ, ಹೊಲಿಯದೆ ವಾಪಸು ಕಳಿಸುತ್ತಿದ್ದಳು. ಮನೆಯಲ್ಲೂ ಅದೇ ಕಣ್ಣು. ಮಗಳು ಕಾಲೇಜಿನಿಂದ ಹತ್ತು ನಿಮಿಷ ತಡವಾಗಿ ಬಂದರೆ ಚಪ್ಪಲಿಯ ಧೂಳು ನೋಡಿ ಯಾವ ರಸ್ತೆಯಲ್ಲಿ ಬಂದಳೆಂದು ಹೇಳುತ್ತಿದ್ದಳು. ಪೊಲೀಸಿಗೆ ಸೇರಬೇಕಾದವಳು ದಾರಿ ತಪ್ಪಿ ನಮ್ಮ ಮನೆಗೆ ಬಂದಳು ಎಂದು ಗಂಡ ನಗುತ್ತಿದ್ದ. ಅವನು ಲಿಫ್ಟ್ ರಿಪೇರಿ ಮಾಡುತ್ತಿದ್ದವನು, ನಿವೃತ್ತನಾಗಿ ಒಂದೂವರೆ ವರ್ಷವಾಗಿತ್ತು. ಮಾತು ಕಡಿಮೆ.

ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಇಸ್ತ್ರಿ ಮಾಡುವವಳು ಫೋನು ಹಿಡಿದುಕೊಂಡು ಕೋಣೆಗೆ ಬಂದಳು. ಅವಳ ಹಿಂದೆ ಇನ್ನಿಬ್ಬರು, ಆಗಲೇ ನಗುತ್ತಿದ್ದರು. ಪರದೆಯ ಮೇಲೆ ಯಾವುದೋ ಕಾಲದ ಟಿವಿ ಜಾಹೀರಾತು, ಬಣ್ಣ ಮಾಸಿತ್ತು. ಹಳದಿ ಬಟ್ಟೆಯ ಹುಡುಗಿಯೊಬ್ಬಳು ಮಂಡಿಯೂರಿ ನೆಲ ಒರೆಸುತ್ತಿದ್ದಾಳೆ. ಬಾಗಿಲಲ್ಲಿ ಪಕ್ಕದ ಮನೆಯಾಕೆ ಬಗ್ಗಿ, ಹೊಸ ನೆಲ ಹಾಕಿಸಿದಿರಾ ಎಂದು ಕೇಳುತ್ತಾಳೆ. ಹುಡುಗಿ ಒಂದು ಹುಬ್ಬು ಮೇಲೇರಿಸಿ, ಇನ್ನೊಂದು ಕಣ್ಣು ಕಿರಿದು ಮಾಡಿ, ಓರೆಯಾಗಿ ತಿರುಗಿ ಹೇಳುತ್ತಾಳೆ: “ಯಾರು ಹೇಳಿದ್ದು ನಿಮಗೆ?” ಒಟ್ಟು ಹನ್ನೊಂದು ಸೆಕೆಂಡು. ಮೇಲೆ ಯಾರೋ ಬರೆದಿದ್ದರು, ‘ಈ ವರ್ಷ ನಿನಗೆ ಬಡ್ತಿ ಗ್ಯಾರಂಟಿಯಂತೆ’ ಎಂದು. ಕೆಳಗೆ ಆ ಹುಡುಗಿಯ ಉತ್ತರ.

ಇಸ್ತ್ರಿಯವಳು ಹೇಳಿದಳು, “ನೋಡಿ ಸೂಜಿಯಕ್ಕ, ಇವಳು ಥೇಟ್ ನಿಮ್ಮ ಹಾಗೇ ನೋಡ್ತಾಳೆ.”

ಸೂಜಿಯಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆ ಹುಡುಗಿ ಆಕೆಯೇ. ಇಪ್ಪತ್ತೆರಡರ ವಯಸ್ಸಿನ ಆಕೆ.

“ನನ್ನ ಹಾಗೆ ಯಾಕೆ ನೋಡ್ತಾಳೆ?” ಎಂದಳು. ಹಾಗೆನ್ನುವಾಗ ಹುಬ್ಬು ತನ್ನಷ್ಟಕ್ಕೆ ಮೇಲೇರಿತ್ತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹಿಂದಿನದು ಇಷ್ಟು. ಆಕೆಯ ಅಕ್ಕ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಬರುತ್ತಿದ್ದ ಜಾಹೀರಾತಿನವನೊಬ್ಬ ತಂಗಿಯನ್ನು ನೋಡಿ, ನೆಲ ಒರೆಸುವ ಪುಡಿಗೆ ಇಂಥ ಮುಖವೇ ಬೇಕು ಎಂದ. ಒಂದೇ ದಿನದ ಚಿತ್ರೀಕರಣ. ಜಾಹೀರಾತು ಟಿವಿಯಲ್ಲಿ ಆರು ವಾರ ಬಂತು, ಅಷ್ಟರಲ್ಲಿ ಪುಡಿಯ ಕಂಪನಿಯೇ ಬಾಗಿಲು ಹಾಕಿತು. ಮರುವರ್ಷ ಮದುವೆಯ ಮಾತು ಬಂದಾಗ ಚಿಕ್ಕಮ್ಮ ಅಕ್ಕತಂಗಿಯರನ್ನು ಕೂರಿಸಿಕೊಂಡು ಎಚ್ಚರಿಸಿದಳು. ಮುಖಕ್ಕೆ ಬಣ್ಣ ಹಚ್ಚಿದ ಹುಡುಗಿ ಎಂದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ, ಗಂಡಿನ ಮನೆಯಲ್ಲಿ ಟಿವಿ ಕೂಡ ಇಲ್ಲ, ಸುಮ್ಮನೆ ಯಾಕೆ ಬಾಯಿ ಬಿಡಬೇಕು. ತಂಗಿ ಬಾಯಿ ಬಿಡಲಿಲ್ಲ. ಮೊದಲ ವರ್ಷ ಹೇಳೋಣವೆಂದುಕೊಂಡಳು. ಎರಡನೆಯ ವರ್ಷ, ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದರೆ ಏನು ಮಾಡುವುದು ಎನಿಸಿತು. ಆಮೇಲೆ ಆ ಮಾತು ಹೊಟ್ಟೆಯೊಳಗೇ ಉಳಿಯಿತು. ಚಿಕ್ಕಮ್ಮ ತೀರಿಕೊಂಡಳು. ತಿಳಿದವಳೆಂದು ಉಳಿದದ್ದು ಅಕ್ಕ ಒಬ್ಬಳೇ.

ಫೋನು ನೋಡಿದ ದಿನ ಸೂಜಿಯಕ್ಕ ಮನೆಗೆ ಹೋದಾಗ ಮಗಳೂ ಅದನ್ನೇ ನೋಡುತ್ತಿದ್ದಳು. ಮಗಳು ಈಗ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು; ಶಿಕ್ಷಕಿಯರ ಗುಂಪಿನಲ್ಲಿ ಹುಡುಗಿಯ ಓರೆನೋಟಕ್ಕೆ ಹತ್ತಾರು ಮಾತು ಅಂಟಿಸಿದ್ದರಂತೆ. ನಾಳೆ ರಜೆಯಂತೆ, ಯಾರು ಹೇಳಿದ್ದು ನಿಮಗೆ. ಹೊಸ ಮುಖ್ಯೋಪಾಧ್ಯಾಯಿನಿ ತುಂಬಾ ಒಳ್ಳೆಯವರಂತೆ, ಯಾರು ಹೇಳಿದ್ದು ನಿಮಗೆ. ಮಗಳು ಅಪ್ಪನ ಮುಂದೆ ಫೋನು ಹಿಡಿದಳು. ಸೂಜಿಯಕ್ಕ ಪಾತ್ರೆ ತೊಳೆಯುತ್ತ ಗಂಡನ ಮುಖ ನೋಡುತ್ತಿದ್ದಳು. ಅವನು ನಕ್ಕ. ಆದರೆ ಒಂದು ಗಳಿಗೆ ತಡವಾಗಿ ನಕ್ಕ.

ಆ ಒಂದು ಗಳಿಗೆ ಆಕೆಯ ತಲೆಯಲ್ಲಿ ಹುಳುವಾಗಿ ಕೊರೆಯತೊಡಗಿತು. ಅವನಿಗೆ ಗುರುತು ಹತ್ತಿತೇ? ಹತ್ತಿದ್ದರೆ ಯಾಕೆ ಸುಮ್ಮನಿದ್ದಾನೆ? ಮರುದಿನ ಬೆಳಿಗ್ಗೆ, ನೆಲದ ಪುಡಿ ಮುಗಿದಿದೆ, ಯಾವುದು ತರಲಿ ಎಂದು ಕೇಳಿ ನೋಡಿದಳು. ಯಾವುದಾದರೂ ಸರಿ ಎಂದ. ಆ ಹಳೇ ಜಾಹೀರಾತಿನ ಪುಡಿ ಈಗಲೂ ಸಿಗುತ್ತದೋ ಏನೋ ಎಂದಳು. ಯಾವ ಪುಡಿ ಎಂದ. ಅಷ್ಟೊಂದು ಮುಗ್ಧನಾಗಿ ಮಾತಾಡುವ ಗಂಡಸು ಆಕೆಯ ಪ್ರಕಾರ ಏನೋ ಮುಚ್ಚಿಡುತ್ತಿರಬೇಕು.

ಆಸ್ಪತ್ರೆಯಲ್ಲೂ ನೆಮ್ಮದಿ ಇರಲಿಲ್ಲ. ಮೆಟ್ಟಿಲಲ್ಲಿ ಇಬ್ಬರು ಪಿಸುಗುಟ್ಟಿದರೆ ತನ್ನ ಬಗ್ಗೆಯೇ ಎನಿಸುತ್ತಿತ್ತು. ದೊಡ್ಡ ನರ್ಸು ಹರಿದ ಪರದೆ ಕಳಿಸುತ್ತ, ತಾನಾಗಿಯೇ ಹರಿಯಿತು, ಯಾರು ಹೇಳಿದ್ದು ಅಂತ ಮಾತ್ರ ಕೇಳಬೇಡಿ ಎಂದು ಚೀಟಿ ಬರೆದಿದ್ದಳು. ಅದು ಊರೆಲ್ಲ ಆಡುತ್ತಿದ್ದ ತಮಾಷೆಯೋ, ತನಗೇ ಇಟ್ಟ ಚುಚ್ಚೋ? ಸೂಜಿಯಕ್ಕ ಆ ಚೀಟಿಯನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದಳು. ಕನ್ನಡಿಯ ಮುಂದೆ ನಿಂತು ಹುಬ್ಬು ಕೆಳಗಿಟ್ಟುಕೊಂಡೇ ಮಾತಾಡುವುದನ್ನು ಅಭ್ಯಾಸ ಮಾಡಿದಳು. ನಿಮಗೆ ಹುಷಾರಿಲ್ಲವಾ ಎಂದು ಇಸ್ತ್ರಿಯವಳು ಕೇಳಿದಳು.

ಗುರುವಾರ ಗಂಡ ಸ್ನಾನಕ್ಕೆ ಹೋದಾಗ ಆಕೆ ಅವನ ಫೋನು ತೆಗೆದಳು. ಮದುವೆಯಾದಮೇಲೆ ಅಂಥ ಕೆಲಸ ಮಾಡಿದ್ದು ಅದೇ ಮೊದಲು. ಹನ್ನೊಂದು ಸೆಕೆಂಡಿನ ಆ ತುಣುಕು ಅದರಲ್ಲಿತ್ತು. ಹಾಸ್ಯದ ಬರಹ ಯಾವುದೂ ಇಲ್ಲದ, ಖಾಲಿ ತುಣುಕು. ಉಳಿಸಿಟ್ಟ ದಿನಾಂಕ ನೋಡಿದಳು. ಮಗಳು ತೋರಿಸುವುದಕ್ಕೆ ಹತ್ತೊಂಬತ್ತು ದಿನ ಮುಂಚೆ.

ಹಾಗಾದರೆ ಅಕ್ಕ. ಬೇರೆ ಯಾರೂ ಅಲ್ಲ. ಅಕ್ಕನೇ ಎಲ್ಲಿಂದಲೋ ಅದನ್ನು ಹುಡುಕಿ ಊರಿಗೆಲ್ಲ ಹರಡಿದ್ದಾಳೆ, ತಂಗಿಯ ಗಂಡ ಅಂತ ಇವನಿಗೂ ಕಳಿಸಿದ್ದಾಳೆ. ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಸೇರಬೇಕೆಂದು ಅಕ್ಕತಂಗಿಯರು ಎಂಟು ವರ್ಷದ ಹಿಂದೆ ಮಾತು ಬಿಟ್ಟಿದ್ದರು. ಸೇಡಿಗೆ ಇನ್ನೇನು ಬೇಕು?

ಭಾನುವಾರ ಎರಡು ಬಸ್ಸು ಬದಲಿಸಿ ಅಕ್ಕನ ಮನೆಗೆ ಹೋದಳು. ಮೂರನೇ ಮಹಡಿ, ಬಾಗಿಲ ಹೊರಗೆ ಒಣಗಲು ಹಾಕಿದ ಕೊಡೆ. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೂತುಕೋ ಎಂದರೆ ಕೂರದೆ, ನಿಂತಲ್ಲೇ ತಂಗಿ ಕೂಡಿಟ್ಟದ್ದನ್ನೆಲ್ಲ ಒದರಿದಳು. ಅದಕ್ಕೆ ಅಕ್ಕ, ನನ್ನ ಫೋನಲ್ಲಿ ಕರೆ ಬಂದರೆ ಎತ್ತುವುದೊಂದೇ ನನಗೆ ಬರುವುದು ಎಂದು ಅದನ್ನು ತಂದು ಮುಂದಿಟ್ಟಳು. ಬಟನ್ನಿನ ಹಳೇ ಫೋನು. ಸಂಖ್ಯೆ ಎರಡರ ಬಟನ್ನು ಕಿತ್ತುಹೋಗಿತ್ತು.

“ಹಾಗಾದ್ರೆ ಅವರಿಗೆ ಹೇಗೆ ಗೊತ್ತಾಯ್ತು?” ಎಂದಳು ತಂಗಿ.

“ಅವನಿಗೆ ಯಾವಾಗ ಗೊತ್ತಿರಲಿಲ್ಲ?” ಎಂದಳು ಅಕ್ಕ.

ಆಮೇಲೆ ಅಕ್ಕ ಹೇಳಿದ್ದು ಇದು. ಮದುವೆಗೆ ಮೂರು ವಾರ ಇದ್ದಾಗ ಅವನು ಪಾಸ್‌ಪೋರ್ಟ್ ಫೋಟೋ ತೆಗೆಸುವ ನೆಪದಲ್ಲಿ ಸ್ಟುಡಿಯೋಗೆ ಬಂದಿದ್ದ. ಅದರ ಹಿಂದಿನ ವರ್ಷ ಟಿವಿ ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಲಿಫ್ಟು ಕೆಟ್ಟು, ರಿಪೇರಿಗೆ ಹೋಗಿದ್ದನಂತೆ. ಬಿಡಿಭಾಗ ಬರುವವರೆಗೆ ಅವನು ಗೋಡೆಯ ಎದುರು ಸ್ಟೂಲು ಹಾಕಿಕೊಂಡು ಕೂತಿದ್ದನಂತೆ. ಗೋಡೆ ತುಂಬ ಟಿವಿಗಳು, ಎಲ್ಲದರಲ್ಲೂ ಒಂದೇ ಹುಡುಗಿ. ವರ್ಷ ಕಳೆದು ಸಂಬಂಧದ ಫೋಟೋ ಕೈಗೆ ಬಂದಾಗ ಗುರುತು ಹಿಡಿದ. ಅಕ್ಕನನ್ನು ಅವನು ಕೇಳಿದ್ದು ಒಂದೇ ಪ್ರಶ್ನೆ: ಅದು ಅವಳೇನಾ? ಹೌದೆಂದು ಹೇಳಿ ಅಕ್ಕ ಕೈಮುಗಿದಿದ್ದಳು, ಅವಳೇ ಹೇಳುವವರೆಗೆ ಗೊತ್ತಿದೆಯೆಂದು ತೋರಿಸಿಕೊಳ್ಳಬೇಡಪ್ಪ ಎಂದು.

ತಂಗಿ ಆಗ ಕೂತಳು. ಅಕ್ಕ ತಂದಿಟ್ಟ ನೀರನ್ನು ಕುಡಿದಳು. ಇದನ್ನು ಯಾಕೆ ಇಷ್ಟು ವರ್ಷ ನನಗೆ ಹೇಳಲಿಲ್ಲ ಎಂದು ಕೇಳಿದಳು. ನೀನು ಅವನಿಗೆ ಹೇಳಿದ್ದೀಯೆಂದೇ ನಾನು ತಿಳಿದಿದ್ದೆ, ಗಂಡಹೆಂಡಿರ ನಡುವೆ ಅಷ್ಟು ಸಣ್ಣ ವಿಷಯವೂ ಬರುವುದಿಲ್ಲವೆಂದು ಯಾರಿಗೆ ಗೊತ್ತು ಎಂದಳು ಅಕ್ಕ. ಹೊರಡುವಾಗ ತಂಗಿ ಕೊಡೆ ಮಡಿಸಿ ಒಳಗಿಟ್ಟಳು. ಹೊಲಿಗೆ ಯಂತ್ರದ ಮಾತು ಇಬ್ಬರೂ ಎತ್ತಲಿಲ್ಲ.

ಬಸ್ಸಿನಲ್ಲಿ ಕೂತಾಗ ಆಕೆಗೆ ಸಮಾಧಾನವಾಗಬೇಕಿತ್ತು. ಆದದ್ದು ಸಿಟ್ಟು. ಮೂವತ್ತೊಂದು ವರ್ಷ ತಾನು ಕಳ್ಳಿಯ ಹಾಗೆ ಹೆದರಿಕೊಂಡು ಬದುಕಿದ್ದಳು. ಟಿವಿಯಲ್ಲಿ ಹಳೆಯ ಕಾರ್ಯಕ್ರಮ ಬಂದರೆ ಎದ್ದುಹೋಗಿ ಚಾನೆಲ್ ಬದಲಿಸಿದ್ದಳು. ಅದನ್ನೆಲ್ಲ ಅವನು ಪಕ್ಕದಲ್ಲೇ ಕೂತು ನೋಡುತ್ತಿದ್ದ. ಹರಿದ ಬಟ್ಟೆಯಲ್ಲಿ ಕತ್ತರಿಯ ಗುರುತು ಕಂಡುಹಿಡಿಯುವವಳಿಗೆ, ದಿನಾ ಎದುರು ಕೂತು ಊಟ ಮಾಡುವವನ ಮುಖದಲ್ಲಿ ಏನೂ ಕಂಡಿರಲಿಲ್ಲ. ಇನ್ನೇನೇನು ಗೊತ್ತಿದೆಯೋ ಇವನಿಗೆ?

ಮನೆಗೆ ಬಂದು ನೇರವಾಗಿ ಕೇಳಿದಳು. ಅವನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ತಿರುಪು ಹಾಕುತ್ತಿದ್ದ. ತಿರುಪುಳಿ ಕೆಳಗಿಟ್ಟ.

“ಮೊದಲು ನೀನಾಗಿ ಹೇಳ್ತೀಯ ಅಂತ ಕಾದೆ,” ಎಂದ. “ಆಮೇಲೆ ಹೇಳೋದಕ್ಕೆ ಇಷ್ಟವಿಲ್ಲ ಅಂದ್ಕೊಂಡೆ. ಮಗು ಹುಟ್ಟಿತು, ಕೆಲಸ, ಓಡಾಟ. ನಿಜ ಹೇಳ್ಬೇಕಂದ್ರೆ ನಡುವೆ ಎಷ್ಟೋ ವರ್ಷ ಮರೆತೇ ಹೋಗಿತ್ತು.”

“ಮತ್ತೆ ಫೋನಲ್ಲಿ ಯಾಕಿದೆ?”

“ಹಳೇ ಸ್ನೇಹಿತ ಕಳಿಸಿದ. ಮೇಲೆ ಏನೇನೋ ಬರೆದಿದ್ರು. ಅದಿಲ್ಲದ್ದು ಸಿಗುತ್ತಾ ಅಂತ ಹುಡುಕಿ ಇಟ್ಕೊಂಡೆ.”

ಅದರಿಂದ ಆಕೆ ಕರಗಲಿಲ್ಲ. ಹತ್ತು ಹನ್ನೆರಡು ದಿನ ಬೇಕಾದಷ್ಟೇ ಮಾತು. ಉಪ್ಪು ಕೊಡಿ, ಬಾಗಿಲು ಹಾಕಿ. ಅವನು ತಟ್ಟೆ ತೊಳೆದಿಟ್ಟರೆ ಯಾಕೆ ತೊಳೆದ ಎಂದು ಯೋಚಿಸುತ್ತಿದ್ದಳು. ಮಗಳು ಇಬ್ಬರ ಗಂಟುಮುಖ ನೋಡಿ ಸಾಕಾಗಿ ಅಪ್ಪನ ಬಾಯಿ ಬಿಡಿಸಿದಳು. ಕೇಳಿ ಮೊದಲು ನಂಬಲಿಲ್ಲ. ಆಮೇಲೆ ಅಮ್ಮನ ಹತ್ತಿರ ಬಂದು, ಇವಳೇ ನನ್ನಮ್ಮ ಅಂತ ಎಲ್ಲರಿಗೂ ತೋರಿಸಲೇ ಎಂದು ಗೋಗರೆದಳು.

“ಬೇಡ,” ಎಂದಳು ಸೂಜಿಯಕ್ಕ. “ಹೊರಗೆ ಹೋದ್ರೆ ಯಾರು ಹೇಳಿದ್ದು ಅಂತ ನಾನು ಕೇಳೋದಿಲ್ಲ. ಗೊತ್ತಿರುತ್ತೆ.”

ಆ ತುಣುಕು ಎಲ್ಲಿಂದ ಬಂತೆಂದು ಪತ್ತೆ ಮಾಡಿದ್ದೂ ಮಗಳೇ. ಜಾಹೀರಾತು ಚಿತ್ರೀಕರಿಸುತ್ತಿದ್ದ, ಈಗ ಮುಚ್ಚಿಹೋದ ಸ್ಟುಡಿಯೋ ಒಂದರ ಟೇಪುಗಳನ್ನು ಯಾರೋ ಹವ್ಯಾಸಿ ಕೊಂಡು, ಧೂಳು ಒರೆಸಿ, ಒಂದೊಂದಾಗಿ ಇಂಟರ್ನೆಟ್ಟಿಗೆ ಹಾಕುತ್ತಿದ್ದನಂತೆ. ಹಲ್ಲುಪುಡಿ, ಬೀಗ, ಛತ್ರಿ ಎಲ್ಲದರ ಜಾಹೀರಾತೂ ಅಲ್ಲಿತ್ತು. ಅವನಿಗೆ ಇವಳು ಯಾರೋ, ಇವಳಿಗೆ ಅವನು ಯಾರೋ. ಸೂಜಿಯಕ್ಕ ಆ ಪಟ್ಟಿಯನ್ನು ಪೂರ್ತಿ ನೋಡಿದಳು. ಅದರ ಹಿಂದೆ ಯಾವ ಸೇಡೂ ಇಲ್ಲವೆಂದು ಒಪ್ಪಿಕೊಳ್ಳಲು ಇನ್ನೂ ಎರಡು ದಿನ ತೆಗೆದುಕೊಂಡಳು.

ತಿಂಗಳೊಳಗೆ ಜನ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದರು. ಹಳೆಯ ಫ್ಯಾನಿನ ಜಾಹೀರಾತಿನ ಬೊಕ್ಕತಲೆಯವನೊಬ್ಬ ಎಲ್ಲರ ಫೋನಿನಲ್ಲಿ ಕಾಣಿಸಿಕೊಂಡ. ಇಸ್ತ್ರಿಯವಳು ಅವನನ್ನು ತೋರಿಸಲು ಬಂದಾಗ ಸೂಜಿಯಕ್ಕ ನಗಲಿಲ್ಲ. ಪಾಪ, ಈ ಮನುಷ್ಯ ಈಗ ಎಲ್ಲಿದ್ದಾನೋ ಎಂದಷ್ಟೇ ಕೇಳಿದಳು. ಇಸ್ತ್ರಿಯವಳಿಗೆ ಆ ಪ್ರಶ್ನೆ ವಿಚಿತ್ರವೆನಿಸಿತು.

ಅದರ ಮರುದಿನ ಬೆಳಿಗ್ಗೆ, ರಜೆ ಇತ್ತು, ಗಂಡಹೆಂಡಿರು ಎದುರುಬದುರು ಕೂತು ಟೀ ಕುಡಿಯುತ್ತಿದ್ದರು. ಸೂಜಿಯಕ್ಕ ಲೋಟದಿಂದ ತಲೆ ಎತ್ತದೆ ಕೇಳಿದಳು.

“ಆ ಅಂಗಡೀಲಿ ನೋಡಿದಾಗ ಏನನ್ನಿಸ್ತು ನಿಮಗೆ?”

ಅವನು ಸ್ವಲ್ಪ ಯೋಚಿಸಿ, “ಆ ನೆಲಕ್ಕೆ ಎಣ್ಣೆ ಹಚ್ಚಿದಾರೆ ಅನ್ನಿಸ್ತು. ಪುಡಿಯಿಂದ ಅಷ್ಟು ಹೊಳಪು ಬರೋದಿಲ್ಲ,” ಎಂದ.

ಆಕೆ ಅವನನ್ನೇ ದಿಟ್ಟಿಸಿದಳು. ಗೇಲಿ ಮಾಡುತ್ತಿದ್ದಾನೋ ಎಂದು ಹುಡುಕಿದಳು, ಸಿಗಲಿಲ್ಲ. ಎಣ್ಣೆಯೇ ಎಂದಳು. ಎರಡು ಡಬ್ಬಿ ಸುರಿದಿದ್ದರು. ಮೂರು ಸಲ ಜಾರಿ ಬಿದ್ದು ಮಂಡಿ ಊದಿತ್ತು. ಆ ಪಕ್ಕದ ಮನೆಯಾಕೆಯಾಗಿ ಬಂದವಳಿಗೆ ಮಾತು ಮರೆತುಹೋಗುತ್ತಿತ್ತು, ಇಪ್ಪತ್ತು ಸಲ ತೆಗೆದರು. ಕೊನೆಯ ಸಲ ನನಗೆ ಕಾಲು ನೋವು ತಡೆಯಲಾಗದೆ ಮುಖ ಹಾಗಾಯಿತು, ಅದನ್ನೇ ಭಲೇ ಎಂದರು.

“ಆ ಮುಖ ನೋವಿಗಾ?” ಎಂದ ಅವನು.

ಮತ್ತೇನು ಎಂದು ಆಕೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು. ಆ ದಿನ ಹಾಕಿದ್ದ ಹಳದಿ ಬಟ್ಟೆ ಯಾರದೆಂಬಲ್ಲಿಂದ ಕಥೆ ಶುರುಮಾಡಿದಳು.