ಬ್ಯಾಗು ಕೂತಿದ್ದ ಕುರ್ಚಿ

ಕೋವಿಡ್ ಕಳೆದ ಮೇಲಿನ ಎರಡನೆಯ ಬೇಸಿಗೆ. ಆಗ ನಾನು ಕಡೂರಿನ ಒಂದು ಟೂರ್ ಕಂಪನಿಯಲ್ಲಿ ಅಡುಗೆಯವಳು. ಈಗಲೂ ಅದೇ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಜನರನ್ನು ಗುಂಪು ಕಟ್ಟಿ ಹೊರದೇಶ ತೋರಿಸಿಕೊಂಡು ಬರುವ ಕಂಪನಿ ಅದು. ನಮ್ಮ ಜನ ಹಿಮದ ಬೆಟ್ಟ ನೋಡಲು ತಯಾರು. ಆದರೆ ಎರಡನೆಯ ದಿನ ಅನ್ನ ಸಾರು ಕಾಣದಿದ್ದರೆ ಬೆಟ್ಟವನ್ನೂ ಬೈಯುತ್ತಾರೆ, ಕರೆತಂದವನನ್ನೂ ಬೈಯುತ್ತಾರೆ. ಅದಕ್ಕೇ ಪ್ರತಿ ಗುಂಪಿನ ಜೊತೆ ನಾನು. ಅಲ್ಲಿನ ಹೋಟೆಲಿನವರು ಹಿಂದಿನ ಅಡುಗೆಮನೆಯಲ್ಲಿ ಎರಡು ಒಲೆ ಬಿಟ್ಟುಕೊಡುತ್ತಾರೆ. ಆ ಎರಡು ಒಲೆಯಲ್ಲಿ ಬೆಳಗ್ಗೆ ಉಪ್ಪಿಟ್ಟು, ಸಂಜೆ ಅನ್ನ ಹುಳಿ ಆಗಬೇಕು.

ನಾನು ಓದಿದ್ದು ಮೂರನೆಯ ಕ್ಲಾಸು. ಕನ್ನಡ ಕೂಡಿಸಿ ಓದುತ್ತೇನೆ, ಇಂಗ್ಲಿಷು ಬರುವುದಿಲ್ಲ. ಆದರೆ ವರ್ಷಕ್ಕೆ ಏಳೆಂಟು ಸಲ ವಿಮಾನ ಹತ್ತಿದವಳು. ಒಂದೇ ಕಂಪನಿಯ ವಿಮಾನದಲ್ಲಿ ಮೇಲಿಂದ ಮೇಲೆ ಹೋಗುವವರಿಗೆ ಆ ಕಂಪನಿ ಕಾರ್ಡು ಕೊಡುತ್ತದೆ. ಮೊದಲು ನೀಲಿ, ಆಮೇಲೆ ಬೆಳ್ಳಿ, ಆಮೇಲೆ ಚಿನ್ನದ ಬಣ್ಣ. ಇದನ್ನು ಗೋಲ್ಡ್ ಎನ್ನುತ್ತಾರೆ. ಗೋಲ್ಡ್ ಇದ್ದರೆ ಒಂದು ಪೆಟ್ಟಿಗೆ ಹೆಚ್ಚಿಗೆ ಒಯ್ಯಬಹುದು, ಸಾಲಿನಲ್ಲಿ ಮುಂದೆ ನಿಲ್ಲಬಹುದು, ವಿಮಾನ ನಿಲ್ದಾಣದೊಳಗೆ ಲೌಂಜ್ ಎಂಬ ಕೋಣೆಯಲ್ಲಿ ಕೂರಬಹುದು. ಅಲ್ಲಿ ಮೆತ್ತನೆ ಕುರ್ಚಿ, ಊಟ, ಕಾಲು ಚಾಚಿ ಮಲಗಲು ಜಾಗ ಎಲ್ಲ ಇರುತ್ತದೆ. ಜೊತೆಗೆ ಒಬ್ಬರನ್ನು ಒಳಗೆ ಕರೆದುಕೊಳ್ಳಬಹುದು. ಇದನ್ನೆಲ್ಲ ನನಗೆ ಹೇಳಿದ್ದು ಬೆಂಗಳೂರಿನ ಕೌಂಟರಿನಲ್ಲಿ ಕನ್ನಡ ಮಾತಾಡುವ ಒಬ್ಬ ಹುಡುಗಿ. ಹೆಚ್ಚಿನ ಪೆಟ್ಟಿಗೆಯಲ್ಲಿ ನಾನು ಸಾರಿನ ಪುಡಿ, ಹುಣಸೆಹಣ್ಣು, ದೊಡ್ಡ ಕುಕ್ಕರು ತುಂಬುತ್ತಿದ್ದೆ. ಲೌಂಜಿಗೆ ಮಾತ್ರ ಕಾಲಿಟ್ಟವಳಲ್ಲ. ಗುಂಪಿನವರು ಹೊರಗೆ ಕೂತಿರುವಾಗ ಅಡುಗೆಯವಳು ಒಳಗೆ ಹೋಗಿ ಕೂರುವುದು ನನಗೆ ಸರಿ ಕಾಣುತ್ತಿರಲಿಲ್ಲ.

ಆ ಸಲ ಇಪ್ಪತ್ತನಾಲ್ಕು ಜನ, ಹನ್ನೊಂದು ದಿನ. ಕರೆದುಕೊಂಡು ಹೋದವನು ಕಂಪನಿಯ ಮಾಲೀಕ ಮಂಜಣ್ಣ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ನನ್ನನ್ನು ಜಯಕ್ಕ ಎನ್ನುತ್ತಾನೆ, ನಾನು ಸಂಬಳ ಕೊಡುವವನೆಂದು ಮಂಜಣ್ಣ ಎನ್ನುತ್ತೇನೆ.

ಒಂಟಿಯಾಗಿ ಬಂದ ಹೆಂಗಸರಿದ್ದರೆ ಅವರ ಕೋಣೆಯಲ್ಲಿ ನನಗೆ ಮಲಗುವ ಜಾಗ. ಆ ಸಲ ಬಂದವರು ಪಂಚನಹಳ್ಳಿಯ ನಂಜಮ್ಮ, ಎಪ್ಪತ್ತೆರಡು ವರ್ಷದವರು. ತಮ್ಮದೇ ತೆಂಗಿನ ತೋಟದ ದುಡ್ಡಿನಲ್ಲಿ ಬಂದಿದ್ದ ಗಟ್ಟಿ ಹೆಂಗಸು. ಮೂರನೆಯ ದಿನ ಮಾತ್ರೆಯ ಡಬ್ಬಿ ನನ್ನ ಕಣ್ಣಿಗೆ ಬಿತ್ತು. ಹಿಂದಿನ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ಸ್ಟೆಂಟ್ ಎಂದರೆ ಕಟ್ಟಿಕೊಂಡ ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ. ದಿನಕ್ಕೆರಡು ಸಲ ಕಾಲು ಮೇಲಿಟ್ಟು ಮಲಗಲೇಬೇಕೆಂದು ಡಾಕ್ಟರು ಹೇಳಿದ್ದರಂತೆ. ಮಂಜಣ್ಣನಿಗೆ ಹೇಳಿರಲಿಲ್ಲ.

“ಹೇಳ್ಬೇಡ ಕಣೇ ಜಯಾ. ಹೇಳಿದ್ರೆ ಕಡೂರಲ್ಲೇ ಬಿಟ್ ಬತ್ತಿದ್ದ.”

ತಪ್ಪೋ ಸರಿಯೋ, ನಾನು ಬಾಯಿ ಮುಚ್ಚಿಕೊಂಡೆ.

ಹೋಗುವಾಗ ನನ್ನ ಕಾರ್ಡಿನ ಕಂಪನಿಯ ವಿಮಾನವೇ. ಬರುವಾಗ ಟಿಕೆಟ್ಟು ಅವರದು, ಹಾರುವ ವಿಮಾನ ಬೇರೆಯವರದು. ಇದಕ್ಕೆ ಪಾರ್ಟ್ನರ್ ಏರ್‌ಲೈನ್ ಎನ್ನುತ್ತಾರೆ. ಒಬ್ಬರ ವಿಮಾನ ಹೋಗದ ದಾರಿಗೆ ಇನ್ನೊಬ್ಬರು ಕರೆದೊಯ್ಯುವ ಒಪ್ಪಂದ ಅದು. ನಡುವೆ ಒಂದು ಊರಿನಲ್ಲಿ ಇಳಿದು ವಿಮಾನ ಬದಲಿಸಬೇಕಿತ್ತು. ಬೆಳಗ್ಗೆ ಏಳಕ್ಕೆ ಇಳಿದೆವು. ಒಂಬತ್ತೂವರೆಯ ವಿಮಾನದ ಯಂತ್ರ ಕೆಟ್ಟಿದೆ, ಇನ್ನು ಸಂಜೆ ಆರಕ್ಕೇ ಎಂದರು. ತಲೆಗೊಂದು ಬನ್ನು, ಒಂದು ಡಬ್ಬಿ ಜ್ಯೂಸು ಕೊಟ್ಟರು. ನಮ್ಮಂತೆಯೇ ಸಿಕ್ಕಿಕೊಂಡವರು ಸಾವಿರ ಜನ ಇದ್ದಂತಿತ್ತು. ಸಿಕ್ಕ ಕುರ್ಚಿಯೂ ಕೈಹಿಡಿಯಿದ್ದ ಕಬ್ಬಿಣದ್ದು, ಮಲಗಲು ಬಾರದ್ದು. ನಮ್ಮವರಲ್ಲಿ ಅರ್ಧ ಜನ ನೆಲಕ್ಕೆ ಕೂತರು.

“ನಾನು ಏರ್‌ಲೈನ್ ಆಪೀಸಿಗೆ ಹೋಗಿ ಗಲಾಟೆ ಮಾಡಿ ಬತ್ತೀನಿ, ಯಾರೂ ಇಲ್ಲಿಂದ ಕದಲ್ಬೇಡಿ” ಎಂದು ಮಂಜಣ್ಣ ಹೊರಟ. ನಾನು ಹಿಂದೆ ಹೋಗಿ ಕೇಳಿದೆ.

“ಮಂಜಣ್ಣ, ನನ್ ಗೋಲ್ಡ್ ಕಾರ್ಡು ಐತಲ್ಲ. ನಂಜಮ್ಮನ್ನ ಲೌಂಜಿಗೆ ಕರ್ಕೊಂಡ್ ಹೋಗ್ಲಾ? ಸುಸ್ತಾಗವ್ರೆ.”

“ಅಯ್ಯೋ ಅಕ್ಕ, ಆ ಕಾರ್ಡು ಆ ವಿಮಾನಕ್ಕೆ ಮಾತ್ರ. ಇದು ಬೇರೆ ಕಂಪ್ನಿ. ಇಲ್ಲಿ ತೋರ್ಸುದ್ರೆ ನಗ್ತಾರೆ.”

ಅಲ್ಲೇ ಕೂತಿದ್ದವರು ತರೀಕೆರೆಯ ಬಸಪ್ಪ ಮೇಷ್ಟ್ರು. ಎಪ್ಪತ್ತಾರು ವರ್ಷ, ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸಿ ರಿಟೈರ್ ಆದವರು. “ಅಡುಗೆ ಮಾಡೋರ್ಗೆಲ್ಲ ಗೋಲ್ಡು, ದುಡ್ ಕೊಟ್ಟೋರ್ಗೆ ನೆಲ. ಒಳ್ಳೇ ಕಾಲ ಬಂತು ಕಣಪ್ಪ,” ಎಂದು ನಕ್ಕರು. “ಸುಮ್ನೆ ಕೂತ್ಕೊಳಮ್ಮ. ಮಂಜಣ್ಣ ಹೇಳಿದ್ ಮೇಲೆ ಮುಗೀತು.”

ಸುಮ್ಮನೆ ಕೂತೆ. ಹತ್ತೂವರೆಯ ಹೊತ್ತಿಗೆ ನಂಜಮ್ಮನ ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮುಖ ಬೂದಿ ಬಣ್ಣ. ಎರಡು ಮಾತಾಡಿದರೆ ಒಂದು ಉಸಿರು.

“ಡಾಕ್ಟ್ರನ್ನ ಕರೀತೀನಿ” ಎಂದೆ.

“ಬೇಡ ಕಣೇ. ಬಂದು ವಿಮಾನ ಹತ್ತಂಗಿಲ್ಲ ಅಂತ ಬರೆದ್ಬಿಟ್ರೆ? ಈ ದೇಶದಲ್ಲಿ ನನ್ ಗತಿ ಏನೇ? ಒಂದ್ ಚೂರು ಮಲಗಿದ್ರೆ ಸರಿ ಹೋಯ್ತದೆ.”

“ಹನ್ನೆರಡು ಗಂಟೆವರ್ಗೂ ನೋಡ್ತೀನಿ. ಕಮ್ಮಿ ಆಗ್ಲಿಲ್ಲ ಅಂದ್ರೆ ನೀವ್ ಏನಾರ ಅನ್ಕಳಿ, ನಾನು ಕರಿಯೋದೇ.”

ಮಲಗಿಸಲು ಜಾಗ ಹುಡುಕುತ್ತ ಆ ಉದ್ದದ ಹಾದಿಯಲ್ಲಿ ಹೊರಟೆ. ಕೊನೆಗೆ ಒಂದು ಗಾಜಿನ ಬಾಗಿಲು, ಅದರ ಪಕ್ಕ ಬೋರ್ಡು. ಬೋರ್ಡಿನ ತುಂಬ ಇಂಗ್ಲಿಷು. ಅಕ್ಷರದ ಕೆಳಗೆ ಒಂದು ಗುರುತು, ಸುತ್ತ ಬಳೆಯಿದ್ದ ಐದು ಎಸಳಿನ ಹೂವು. ಅದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಸೆರಗಿನ ಗಂಟಿನಿಂದ ಕಾರ್ಡು ತೆಗೆದೆ. ಅರಿಶಿನ, ಎಣ್ಣೆ ಹತ್ತಿತ್ತು. ಸೆರಗಿನಲ್ಲೇ ಉಜ್ಜಿದೆ. ಮೂಲೆಯಲ್ಲಿ ಅದೇ ಹೂವು, ಅದೇ ಬಳೆ. ಕಿಟಕಿಯ ಆಚೆ ನಿಂತಿದ್ದ ಕೆಟ್ಟ ವಿಮಾನ ನೋಡಿದೆ. ಅದರ ಬಾಗಿಲ ಪಕ್ಕವೂ ಅದೇ.

ನಮ್ಮಪ್ಪ ಅಜ್ಜಂಪುರದ ಕಡೆ ಅಮೃತಮಹಲ್ ದನಗಳ ಕಾವಲಿನಲ್ಲಿ ದನ ಕಾಯುತ್ತಿದ್ದ. ಕಾವಲು ಎಂದರೆ ಆ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲು. ಬೇಸಿಗೆಯಲ್ಲಿ ಒಂದು ಕಾವಲಿನ ಹುಲ್ಲು ಮುಗಿದರೆ ಮಂದೆಯನ್ನು ಇನ್ನೊಂದಕ್ಕೆ ಹೊಡೆಯಬೇಕು. ಅಲ್ಲಿನ ಕಾವಲುಗಾರನಿಗೆ ನಮ್ಮಪ್ಪನ ಪರಿಚಯ ಇರುತ್ತಿರಲಿಲ್ಲ. ಇಬ್ಬರಿಗೂ ಓದು ಬಾರದು. ಅವನು ದನದ ತೊಡೆಯ ಮೇಲಿನ ಬರೆಯ ಮುದ್ರೆ ನೋಡುತ್ತಿದ್ದ. ಕೆಸರು ಮೆತ್ತಿದ್ದರೆ ನೀರು ಹಾಕಿ ತೊಳೆದು ನೋಡುತ್ತಿದ್ದ. ಮುದ್ರೆ ಕಂಡರೆ ಮುಗಿಯಿತು, ಯಾವ ಕಾವಲಿನ ದನವಾದರೂ ಅಲ್ಲಿನ ಕಟ್ಟೆಯಲ್ಲಿ ನೀರು ಕುಡಿಯಬೇಕು. ಬೇರೆ ಕಾವಲು, ನಿನ್ನ ದನ ನೋಡಿದರೆ ನಗುತ್ತಾರೆ ಎಂದು ಯಾರೂ ಹೇಳುತ್ತಿರಲಿಲ್ಲ.

ವಾಪಸು ಹೋಗಿ ನಂಜಮ್ಮನ ತೋಳು ಹಿಡಿದು ನಿಧಾನವಾಗಿ ಆ ಬಾಗಿಲಿಗೆ ನಡೆಸಿಕೊಂಡು ಬಂದೆ. ಮೇಜಿನ ಹಿಂದೆ ಕೂತಿದ್ದ ಹುಡುಗಿ ನನ್ನ ಸೀರೆ ನೋಡಿದಳು, ಕಾರ್ಡು ನೋಡಿದಳು, ಬೋರ್ಡಿಂಗ್ ಪಾಸು ನೋಡಿದಳು. ಪಾಸಿನ ಮೇಲೆ ಬೆರಳಿಟ್ಟು “ನೋ ಗೋಲ್ಡ್” ಎಂದಳು. ವಿಮಾನ ಹತ್ತಲು ಕೊಡುವ ಆ ಚೀಟಿಯ ಮೇಲೆ ಗೋಲ್ಡ್ ಎಂದು ಅಚ್ಚಾಗಿರಬೇಕಂತೆ. ಟಿಕೆಟ್ ಮಾಡುವಾಗ ನನ್ನ ಕಾರ್ಡಿನ ನಂಬರು ಹಾಕದೇ ಇದ್ದದ್ದರಿಂದ ಅಚ್ಚಾಗಿರಲಿಲ್ಲ. ಇದು ನನಗೆ ಆಮೇಲೆ ತಿಳಿಯಿತು. ಟಿಕೆಟ್ ಮಾಡಿದವನು ಮಂಜಣ್ಣ.

ನಾನು ಕದಲಲಿಲ್ಲ. ಕಾರ್ಡಿನ ಹೂವಿನ ಮೇಲೆ ಬೆರಳಿಟ್ಟೆ, ಬೋರ್ಡಿನ ಹೂವಿನ ಮೇಲೆ ಬೆರಳಿಟ್ಟೆ. “ಸೇಮ್” ಎಂದೆ. ಅವಳು ತಲೆ ಅಲ್ಲಾಡಿಸಿದಳು. ನಾನು ಮತ್ತೆ “ಸೇಮ್” ಎಂದೆ. ಹಿಂದೆ ಸಾಲು ಬೆಳೆಯಿತು. ಯಾರೋ ಗೊಣಗಿದರು. ಗೊಣಗಲಿ. ನಂಜಮ್ಮ ಗೋಡೆಗೆ ಒರಗಿ ನಿಂತಿದ್ದರು, ಕಣ್ಣು ಮುಚ್ಚಿತ್ತು. ನಾಲ್ಕನೆಯ ಸಲ ನಾನು ಸೇಮ್ ಎಂದಾಗ ಒಳಗಿನಿಂದ ವಯಸ್ಸಾದ ಒಬ್ಬ ಬಂದ. ಕಾರ್ಡು ತಿರುಗಿಸಿ ನೋಡಿ ನಂಬರನ್ನು ಕೈಯಲ್ಲೇ ಒತ್ತಿದ. ಯಂತ್ರದಲ್ಲಿ ಹಸಿರು ಬಂತು. ಅವನು ಬಾಗಿಲು ತೆರೆದು ಹಿಡಿದ. ನನ್ನನ್ನೂ ನಂಜಮ್ಮನನ್ನೂ ತೋರಿಸಿ ಎರಡು ಬೆರಳೆತ್ತಿದ.

ಒಳಗೆ ಉದ್ದನೆಯ ಮೆತ್ತೆಯ ಮೇಲೆ ನಂಜಮ್ಮನನ್ನು ಮಲಗಿಸಿ, ಕಾಲ ಕೆಳಗೆ ಎರಡು ದಿಂಬು ಕೊಟ್ಟು, ಮಾತ್ರೆ ನುಂಗಿಸಿ, ಇನ್ನಷ್ಟು ನೀರು ತರಲು ಹೋದೆ. ಕಂಬದ ಆಚೆ ಮಂಜಣ್ಣ ಕೂತಿದ್ದ.

ಶೂ ಬಿಚ್ಚಿದ್ದ. ಮುಂದೆ ತಟ್ಟೆ. ಪಕ್ಕದ ಕುರ್ಚಿಯ ಮೇಲೆ ಅವನ ಬ್ಯಾಗು.

“ಏನ್ ಮಂಜಣ್ಣ, ಏರ್‌ಲೈನ್ ಆಪೀಸು ಇಲ್ಲೇ ಐತಾ?”

ಬಾಯಲ್ಲಿದ್ದದ್ದನ್ನು ನುಂಗಿದ. “ಜಯಕ್ಕಾ... ನೀವ್ ಹೆಂಗ್ ಬಂದ್ರಿ?”

“ನೀನ್ ಬಂದಂಗೆ. ನಡ್ಕೊಂಡು.”

“ಮೆತ್ಗೆ ಮಾತಾಡಿ ಅಕ್ಕ. ಎಲ್ರಿಗೂ ಗೊತ್ತಾದ್ರೆ ನಾನೂ ಬತ್ತೀನಿ ನಾನೂ ಬತ್ತೀನಿ ಅಂತಾರೆ. ಒಬ್ರನ್ನ ಕರೆದ್ರೆ ಇಪ್ಪತ್ಮೂರು ಜನ ಬೈತಾರೆ. ಅದ್ಕೇ ಯಾರೂ ಬೇಡ ಅಂತ...”

“ಯಾರೂ ಬೇಡ ಅಂತ ನೀನೊಬ್ನೇ ಬಂದ್ಯಾ? ನಿನ್ ಕಾರ್ಡೂ ಅದೇ ಹೂವಿಂದೇ ಅಲ್ವಾ? ನಿಂದು ನಡೀತದೆ, ನಂದು ನಡೆಯಲ್ಲ?”

ಅವನಿಗೂ ಮೊದಲು ಗೊತ್ತಿರಲಿಲ್ಲವೇನೋ ಎಂದು ಒಂದು ಕ್ಷಣ ನಾನೇ ಅವನ ಪರವಾಗಿ ಯೋಚಿಸಿದೆ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಪಾಸು ಕಂಡಿತು. ನನ್ನ ಪಾಸಿನಲ್ಲಿ ಬರಿದಾಗಿದ್ದ ಜಾಗದಲ್ಲಿ, ಆ ಹುಡುಗಿ ಬೆರಳಿಟ್ಟಿದ್ದ ಜಾಗದಲ್ಲಿ, ಅವನದರಲ್ಲಿ ದಪ್ಪಕ್ಷರ ಅಚ್ಚಾಗಿತ್ತು. ತನ್ನ ನಂಬರು ಮರೆಯದೆ ಹಾಕಿಕೊಂಡಿದ್ದ.

“ಆ ಕುರ್ಚಿ ಮೇಲೆ ಕೂತಿರೋದು ಯಾರು?”

“ಬ್ಯಾಗು...”

“ಬ್ಯಾಗಿಗೆ ಕಾಲು ಊದೈತಾ?”

ನಂಜಮ್ಮ ಮಲಗಿದ್ದ ಕಡೆಗೆ ಅವನ ತೋಳು ಹಿಡಿದು ತಿರುಗಿಸಿದೆ. ಆ ಪಾದ ನೋಡಿ ಅವನ ಮುಖ ಇಳಿಯಿತು. ಸ್ಟೆಂಟಿನ ವಿಷಯವನ್ನೂ ಆಗಲೇ ಹೇಳಿದೆ. ಮುಚ್ಚಿಡುವ ಆಟ ಇಬ್ಬರದೂ ಸಾಕು ಅನ್ನಿಸಿತ್ತು.

“ಲೇ ಮಂಜ, ಕೇಳಿಲ್ಲಿ. ಆಚೆ ಹೋಗಿ ನಿನ್ ಕಾರ್ಡಿನ್ ಮೇಲೆ ಬಸಪ್ಪ ಮೇಷ್ಟ್ರನ್ನ ಕರ್ಕೊಂಡ್ ಬಾ. ವಯಸ್ಸಲ್ಲಿ ಎಲ್ರಿಗಿಂತ ಅವ್ರೇ ದೊಡ್ಡೋರು. ಹಂಗೇ ಉಳಿದೋರ್ಗೆ ನಿಜ ಹೇಳು.”

ಮಂಜಣ್ಣ ಎಂದು ಕರೆಯುವ ಮನಸ್ಸು ಆ ಹೊತ್ತಿಗೆ ಇರಲಿಲ್ಲ.

ಹೋದ. ನಿಜವನ್ನು ಎಷ್ಟು ಹೇಳಿದನೋ ಕಾಣೆ, ಮೇಷ್ಟ್ರನ್ನಂತೂ ಕರೆತಂದ. ಮೇಷ್ಟ್ರ ಮೇಲೆ ನನಗೆ ಪ್ರೀತಿ ಉಕ್ಕಿರಲಿಲ್ಲ. ವಯಸ್ಸು ನೋಡಿ ಕರೆಸಿದೆ, ಗುಣ ನೋಡಿದ್ದರೆ ಬ್ಯಾಗೇ ಕೂತಿರಲಿ ಎನ್ನುತ್ತಿದ್ದೆ. ಅವರು ಬಾಗಿಲ ಬಳಿ ನಿಂತು ಬೋರ್ಡನ್ನು ಪೂರ್ತಿ ಓದಿ ಬಂದರು. ನನ್ನ ಎದುರಿಗೆ ನಿಂತು ಹೇಳಿದರು.

“ಜಯಮ್ಮ, ಹೊರ್ಗಡೇನೇ ಬರ್ದೈತೆ ಕಣಮ್ಮ. ಜೊತೆ ಕಂಪ್ನಿಗಳ ಗೋಲ್ಡ್ ಇರೋರು, ಇನ್ನೊಬ್ರು ಅಂತ. ಬೆಳಿಗ್ಗೆ ಎರಡ್ ಸಲ ಈ ಬಾಗ್ಲ ಮುಂದೆ ಓಡಾಡ್ದೆ. ಓದ್ಲಿಲ್ಲ.”

“ಮಂಜಣ್ಣ ಹೇಳಿದ್ ಮೇಲೆ ಮುಗೀತಲ್ವಾ ಮೇಷ್ಟ್ರೇ” ಎಂದೆ.

ಹನ್ನೆರಡಕ್ಕೆ ನಂಜಮ್ಮನ ಉಸಿರು ನೆಟ್ಟಗಾಗಿತ್ತು. ಮೂರಕ್ಕೆ ಪಾದ ಒತ್ತಿದರೆ ಗುಳಿ ನಿಲ್ಲುತ್ತಿರಲಿಲ್ಲ. ಸಂಜೆ ಆರಕ್ಕೆ ತಮ್ಮ ಕಾಲಲ್ಲೇ ನಡೆದು ವಿಮಾನ ಹತ್ತಿದರು. ಹತ್ತುವಾಗ ಉಳಿದವರು ನನ್ನನ್ನು ಬಿಟ್ಟರೇ? “ಹೆಂಗಿತ್ತಮ್ಮ ಸೋಫಾ?” ಎಂದು ಅಜ್ಜಂಪುರದ ಒಬ್ಬಾಕೆ ಕೇಳಿದಳು. ಮೆತ್ತಗಿತ್ತು ಎಂದೆ. ಇದ್ದದ್ದನ್ನೇ ಹೇಳಿದೆ, ನಾನೂ ಊಟ ಮಾಡಿದ್ದೆ, ಕಾಲು ಚಾಚಿದ್ದೆ. ಊರಿಗೆ ಬಂದ ಮೇಲೆ ನಂಜಮ್ಮ ಒಂದು ಮೂಟೆ ತೆಂಗಿನಕಾಯಿ ಕಳಿಸಿದರು. ಕಾಯಿ ಇಳಿಸಿಕೊಂಡು, ಇನ್ನೊಂದು ಸಲ ಕಾಯಿಲೆ ಬಚ್ಚಿಟ್ಟು ನನ್ನ ಕೋಣೆಗೆ ಬರಬೇಡಿ ಎಂದು ಫೋನಿನಲ್ಲಿ ಚೆನ್ನಾಗಿ ಬೈದೆ. ಅವರಿಗೇನಾದರೂ ಆಗಿದ್ದರೆ ನನ್ನ ಮೌನಕ್ಕೂ ಅದರಲ್ಲಿ ಪಾಲು ಇರುತ್ತಿತ್ತು.

ಮಂಜಣ್ಣ ಮುಂದಿನ ಎರಡು ಟೂರಿಗೆ ನನ್ನನ್ನು ಕರೆಯಲಿಲ್ಲ. “ಅಕ್ಕನಿಗೆ ವಯಸ್ಸಾಯ್ತು” ಎಂದು ಸುದ್ದಿ ಬಿಟ್ಟ. ಆ ಎರಡು ಟೂರಿನವರು ಬಂದು ಊಟದ ಬಗ್ಗೆ ಊರೆಲ್ಲ ಹೇಳಿಕೊಂಡರು. ಮೂರನೆಯದಕ್ಕೆ ಅವನೇ ಮನೆ ಬಾಗಿಲಿಗೆ ಬಂದ. ಬರುತ್ತೇನೆ, ಆದರೆ ಹೊರಡುವ ಮುಂಚಿನ ಸಭೆಯಲ್ಲಿ ನನಗೂ ಎರಡು ಮಾತು ಬೇಕು ಎಂದೆ. ಪಾಸ್‌ಪೋರ್ಟು, ಸ್ವೆಟರು, ಮಾತ್ರೆ ಎಂದು ಅವನು ಜನಕ್ಕೆ ತಿಳಿಸಿ ಹೇಳುವ ಸಭೆ ಅದು, ಕಡೂರಿನಲ್ಲಿ ನಡೆಯುತ್ತದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಓದು ಬಾರದಿರುವುದು ನನ್ನ ಕೊರತೆಯೇ, ಇಲ್ಲವೆನ್ನುವುದಿಲ್ಲ. ಆದರೆ ಓದು ಬಂದವನು ಹೇಳಿದನೆಂದು ನಾನೇ ಕಣ್ಣಾರೆ ನೋಡುವುದನ್ನು ಬಿಟ್ಟುಬಿಟ್ಟರೆ ಅದು ಕೊರತೆಯಲ್ಲ, ತಪ್ಪು. ಆ ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ನಾನು ಆ ತಪ್ಪು ಮಾಡಿದೆ. ಆ ಮೂರೂವರೆ ಗಂಟೆಯ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಈಗ ಪ್ರತಿ ಸಭೆಯ ಕೊನೆಗೆ ನಾನು ಎದ್ದು ನಿಂತು ಕಾರ್ಡು ಎತ್ತಿ ತೋರಿಸುತ್ತೇನೆ.

“ಈ ಹೂವಿರೋ ಬಾಗ್ಲಿಗೆ ನನ್ ಜೊತೆ ಒಬ್ರು ಬರ್ಬೋದು. ಯಾರ್ಗೆ ಕಾಲು ಊದ್ತದೆ, ಯಾರ್ಗೆ ಎದೆ ನೋವೈತೆ, ನಾಚ್ಕಳ್ದೆ ಈಗ್ಲೇ ಹೇಳಿ.”

ಕೈಗಳು ನಿಧಾನವಾಗಿ ಏಳುತ್ತವೆ. ಯಾವಾಗಲೂ ಒಂದಕ್ಕಿಂತ ಹೆಚ್ಚೇ ಇರುತ್ತವೆ. ಆಗ ನಾನು ಮಂಜಣ್ಣನ ಕಡೆ ತಿರುಗುತ್ತೇನೆ. ಅವನು ಜೇಬಿಗೆ ಕೈ ಹಾಕಿ ತನ್ನದನ್ನೂ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುವವರೆಗೆ ನಾನು ಕೂರುವುದಿಲ್ಲ.